ಅತ್ತೆಯ ಗುಲಾಬಿ ಬಾಟ್ಲಿ

ನಮ್ಮನೆ ಅಡುಗೆಕೋಣೆಯಲ್ಲಿ ಒಲೆಯ ಬಲಗಡೆ ಗೋಡೆಯಲ್ಲೇ ಮಾಡಿದ ಹಳೇಕಾಲದ ಒಂದು ಗೂಡು ಉಂಟು. ಅದರಲ್ಲಿ ಉಪ್ಪಿನ ಮರಿಗೆ, ಮಾವಿನ ಮಿಡಿಯ ಸಣ್ಣ ಭರಣಿ, ಬೆಂಕಿಪೆಟ್ಟಿಗೆ, ಮತ್ತೆ ಅತ್ತೆಯ ಗುಲಾಬಿ ಬಣ್ಣದ ಬಾಟ್ಲಿ. ಮದ್ದಿಗೆ ಅಂತ ಬೇರೆಯೇ ಜಾಗ ಉಂಟು ಮಾರಾಯ್ರೆ, ಚಾವಡಿಯ ಕಪಾಟಿನಲ್ಲಿ ಒಂದು ಹಳೇ ಬಿಸ್ಕೆಟಿನ ಟಿನ್ನು, ಮಾವನ ಬಿಪಿ ಗುಳಿಗೆ, ಅತ್ತೆಯ ಥೈರಾಯ್ಡ್ ಗುಳಿಗೆ, ಜ್ವರದ್ದು, ತಲೆನೋವಿನದ್ದು ಎಲ್ಲ ಅದರೊಳಗೆ. ಎದೆ ಉರಿಯ ಬಾಟ್ಲಿ ಮಾತ್ರ ಯಾವತ್ತೂ ಆ ಟಿನ್ನಿಗೆ ಹೋದದ್ದಿಲ್ಲ, ಅದು ನಮ್ಮಲ್ಲಿ ಉಪ್ಪಿನಕಾಯಿಯ ಸಾಲಿಗೆ ಸೇರಿದ್ದು.

ಅತ್ತೆಯ ಲೆಕ್ಕ ಬಹಳ ಸರಳ. "ಮದ್ದು ಹೇಳಿರೆ ಕೈಕ್ಕೆ ಇರೆಕು. ಇದು ಸೀವು. ಇದೆಂತರ ಮದ್ದು?" ಅಂತ ಕೇಳ್ತಾರೆ. ಕಹಿ ಇಲ್ಲದ್ದು ಮದ್ದಲ್ಲ, ಹಾಗಾಗಿ ಹೊತ್ತು ಗೊತ್ತು ನೋಡುವ ಕೆಲಸವೂ ಇಲ್ಲ. ಬೆಳಿಗ್ಗೆ ಎದ್ದ ಕೂಡ್ಲೆ ಒಂದು ಸಲ, ಮಧ್ಯಾಹ್ನ ಉಂಡು ಕೈ ತೊಳೆದ ಮೇಲೆ ಒಂದು ಸಲ, ರಾತ್ರಿ ಹೊಟ್ಟೆ ಭಾರ ಆದ್ರೆ ಮತ್ತೊಂದು ಸಲ. ಬಾಟ್ಲಿಯ ಜತೆ ಬಂದ ಅಳತೆಯ ಮುಚ್ಚಳ ಎಂದೋ ಮೊಮ್ಮಗಳ ಅಡುಗೆ ಆಟದ ಪಾತ್ರೆಗಳ ಒಟ್ಟಿಗೆ ಸೇರಿಯಾಗಿದೆ, ಈಗ ಅಳತೆ ಅಂದ್ರೆ ಪಾಯಸದ ಚಮಚ. ಬಾಟ್ಲಿಯ ಕುತ್ತಿಗೆ ಸುತ್ತ ಮದ್ದು ಒಣಗಿ ವೀಳ್ಯದೆಲೆಯ ಸುಣ್ಣದ ಡಬ್ಬಿಯ ಬಾಯಿ ಹಾಗೆ ಆಗಿರ್ತದೆ, ತಿರುಗಿಸುವಾಗ ಕರಕರ ಅಂತ ಸದ್ದು, ಸದ್ದು ಕೇಳಿದ್ರೆ ಅತ್ತೆ ಬಾಟ್ಲಿ ತೆಗೆದ್ರು ಅಂತ ಇಡೀ ಮನೆಗೆ ಗೊತ್ತಾಗ್ತದೆ. ಮುಗೀತಾ ಬರುವಾಗ ಒಂದು ಲೋಟ ನೀರು ಹೊಯ್ದು, ಚೆನ್ನಾಗಿ ಕುಲುಕಿ, ಅಡಿಯಲ್ಲಿದ್ದದ್ದನ್ನೂ ಬಿಡದೆ ಕುಡಿದು, ಬಾಟ್ಲಿ ತೊಳೆದು ಬಿಸಿಲಿಗೆ ಕವುಚಿ ಇಡುದು. ಅತ್ತೆಯ ಕೈಯಲ್ಲಿ ಯಾವುದೂ ಹಾಳಾಗುದಿಲ್ಲ ಬಿಡಿ.

ಈ ಎದೆ ಉರಿಗೆ ನಮ್ಮ ಊರಲ್ಲಿ ಹೆಸರು ಎಷ್ಟು ಅಂತ ಕೇಳಬೇಡಿ. ನಮ್ಮ ಕಾಸರಗೋಡಿನ ಬದಿಯಡ್ಕದ ಪೇಟೆಯಲ್ಲಿ ಹತ್ತು ನಿಮಿಷ ನಿಂತ್ರೆ ನಾಲ್ಕು ಭಾಷೆ ಕಿವಿಗೆ ಬೀಳ್ತದೆ, ತೋಟದ ಕೆಲಸಕ್ಕೆ ಬರುವವರು ತಿಗಲೆ ಪೊತ್ತುಂಡು ಅಂತ ತುಳುವಿನಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ ನೆಂಜೆರಿಚ್ಚಿಲ್ ಅಂತ ಮಲಯಾಳದಲ್ಲಿ, ಮನೆಯೊಳಗೆ ಎದೆ ಉರಿತ್ತು ಅಂತ ಹವ್ಯಕದಲ್ಲಿ. ಇನ್ನು ಎಲ್ಲರೂ ಒಪ್ಪಿದ ಒಂದೇ ಶಬ್ದ ಅಂದ್ರೆ ಗ್ಯಾಸು. ತಲೆನೋವೂ ಗ್ಯಾಸು, ಬೆನ್ನು ಹಿಡಿದದ್ದೂ ಗ್ಯಾಸು, ಪರೀಕ್ಷೆಯ ದಿನ ಮಕ್ಕಳ ಹೊಟ್ಟೆನೋವೂ ಗ್ಯಾಸು.

ಉರಿಗೆ ಕಾರಣ ಹುಡುಕಲಿಕ್ಕೆ ದೂರ ಹೋಗುದೂ ಬೇಡ. ನವೆಂಬರಿನಿಂದ ಹಿಡಿದು ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವವರೆಗೆ ನಮ್ಮನೆಯವರಿಗೆ ಎಲ್ಲಾದರೂ ಆಟ ಇದ್ರೆ ಹೋಗಲೇಬೇಕು, ಅಲ್ಲಿ ರಾತ್ರಿ ಎರಡು ಗಂಟೆಗೆ ಚರುಮುರಿ, ಗೋಳಿಬಜೆ, ಮೂರು ಗಂಟೆಗೆ ನಿದ್ದೆ ಬಾರದ ಹಾಗೆ ಕಡಕ್ ಚಾ, ಐದಕ್ಕೆ ಮಂಗಳ ಆಗಿ ಮನೆಗೆ ಬಂದು ಹೊಟ್ಟೆ ಕೆಳಗೆ ಮಾಡಿ ಬಿದ್ದುಕೊಂಡ್ರೆ ಉರಿಯದೆ ಇನ್ನೆಂತ ಆಗ್ತದೆ ಹೇಳಿ. ಹೊಟ್ಟೆಯೊಳಗೆ ಇರುದು ಹೈಡ್ರೋಕ್ಲೋರಿಕ್ ಆಸಿಡ್, ಶಾಲೆಯ ಲ್ಯಾಬಿನಲ್ಲಿ ಗಾಜಿನ ಬಾಟ್ಲಿಯಲ್ಲಿ ಬೀಗ ಹಾಕಿ ಇಡ್ತೇವಲ್ಲ ಅದೇ ಜಾತಿ, ಪಿಎಚ್ ಒಂದೂವರೆ ಎರಡರ ಹತ್ತಿರ. ಹೊಟ್ಟೆಯ ಒಳಪದರಕ್ಕೆ ಅದನ್ನು ತಾಳುವ ಲೋಳೆ ಉಂಟು, ಅನ್ನನಾಳಕ್ಕೆ ಇಲ್ಲ. ಎರಡರ ಮಧ್ಯೆ ಇರುವ ಬಿಗಿ, ಚೀಲದ ಬಾಯಿಗೆ ಕಟ್ಟಿದ ಹಗ್ಗದ ಹಾಗೆ, ಅದು ಸಡಿಲ ಆದ್ರೆ ಆಸಿಡ್ ಮೇಲೆ ಬರ್ತದೆ. ಹೊಟ್ಟೆ ತುಂಬ ತಿಂದು ಮಲಗಿದ್ರೆ ಚೀಲವನ್ನು ಅಡ್ಡ ಹಾಕಿದ ಹಾಗೆ ಆಯ್ತಲ್ಲ. ಅತ್ತೆ ಇದನ್ನೆಲ್ಲ ಓದದೆಯೇ ಮಗನಿಗೆ ನಲುವತ್ತು ವರ್ಷದಿಂದ ಹೇಳ್ತಾ ಇದ್ದಾರೆ, "ಉಂಡಿಕ್ಕಿ ಕೂಡ್ಲೆ ಒರಗೆಡ" ಅಂತ.

ಒಂದು ದಿನ ರಜೆಯಲ್ಲಿ ಕೂತು ಬಾಟ್ಲಿಯ ಹಿಂದೆ ಬರೆದದ್ದನ್ನು ಫೋನಿನಲ್ಲಿ ಫೋಟೋ ಹೊಡೆದು ದೊಡ್ಡ ಮಾಡಿ ಓದಿದೆ, ಇರುವೆಯ ಕಾಲಿನಷ್ಟು ಸಣ್ಣ ಅಕ್ಷರ, ಅದೂ ಇಂಗ್ಲಿಷು. ದಿನಾ ಬೆಳಿಗ್ಗೆ ಕನ್ನಡ ಪೇಪರನ್ನು ತಲೆಬರಹದಿಂದ ಶ್ರದ್ಧಾಂಜಲಿಯವರೆಗೆ ಒಂದಕ್ಷರ ಬಿಡದೆ ಓದುವ ಅತ್ತೆಗೆ ಇದರಲ್ಲಿ ಒಂದಕ್ಷರವೂ ಹಿಡಿಯುದಿಲ್ಲ. ಒಳಗಿದ್ದದ್ದು ಮುಖ್ಯವಾಗಿ ಮೂರು. ಅಲ್ಯುಮಿನಿಯಂ ಹೈಡ್ರಾಕ್ಸೈಡ್, ಮೆಗ್ನೀಸಿಯಂ ಹೈಡ್ರಾಕ್ಸೈಡ್, ಸಿಮೆಥಿಕೋನ್. ಡೈಜಿನ್, ಜೆಲುಸಿಲ್ ಅಂತ ನಮ್ಮ ಪೇಟೆಯಲ್ಲಿ ಕೇಳುವ ಹೆಸರುಗಳೆಲ್ಲ ಹೆಚ್ಚುಕಮ್ಮಿ ಇದೇ ಕುಟುಂಬ. ಮೊದಲಿನ ಎರಡು ಆಸಿಡನ್ನು ಹಿಡಿದು ಉಪ್ಪು ಮತ್ತೆ ನೀರು ಮಾಡಿ ಬಿಡ್ತವೆ, ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ನಾನೇ ಬೋರ್ಡಿನಲ್ಲಿ ಬರೆದು ಕೊಡುವ ಸಮೀಕರಣ, ಆದ್ರೆ ಅದು ಅತ್ತೆಯ ಹೊಟ್ಟೆಯೊಳಗೂ ನಡೀತಾ ಉಂಟು ಅಂತ ನನಗೆ ಹೊಳೆದದ್ದೇ ಇಲ್ಲ. ಸಿಮೆಥಿಕೋನ್ ಆಸಿಡಿನ ಗೊಡವೆಗೆ ಹೋಗುದಿಲ್ಲ, ಅದರ ಕೆಲಸ ಗುಳ್ಳೆ ಒಡೆಯುದು, ಸಣ್ಣ ಸಣ್ಣ ನೊರೆಗುಳ್ಳೆ ಸೇರಿ ದೊಡ್ಡದಾಗಿ ಒಂದು ತೇಗಿನಲ್ಲಿ ಹೋಗ್ತದೆ.

ಎರಡು ಲೋಹ ಯಾಕೆ ಹಾಕುದು, ಒಂದೇ ಸಾಲದಾ ಅಂತ ನನಗೂ ಅನಿಸಿತ್ತು. ಅಲ್ಯುಮಿನಿಯಂ ಒಂದೇ ಆದ್ರೆ ಮಲಬದ್ಧತೆ ಮಾಡ್ತದೆ, ಮೆಗ್ನೀಸಿಯಂ ಒಂದೇ ಆದ್ರೆ ಹೊಟ್ಟೆ ಸಡಿಲ ಮಾಡ್ತದೆ, ಹಾಗಾಗಿ ಒಂದು ಎಳೆಯುದು ಒಂದು ಬಿಡುದು, ಗಾಡಿಗೆ ಎರಡು ಎತ್ತು ಕಟ್ಟಿದ ಹಾಗೆ. ಮತ್ತೆ ಇದು ನೀರಿನಲ್ಲಿ ಕರಗಿದ ಮದ್ದಲ್ಲ, ಪುಡಿ ನೀರಿನಲ್ಲಿ ತೇಲ್ತಾ ಇರುದು ಅಷ್ಟೆ, ಇಟ್ಟಲ್ಲೇ ಇಟ್ರೆ ಅಡಿಗೆ ಕೂರ್ತದೆ. ಅಲುಗಾಡಿಸಿ ಕುಡೀರಿ ಅಂತ ಬರೆಯುದು ಅದಕ್ಕೇ. ಅತ್ತೆ ಕುಲುಕುದು ಕೊನೆಯ ದಿನ ಮಾತ್ರ, ನೀರು ಹೊಯ್ದ ಮೇಲೆ! ಹಾಗಾಗಿ ಹೊಸ ಬಾಟ್ಲಿ ಒಡೆದ ಮೊದಲ ವಾರ "ಈ ಸರ್ತಿಯಾಣದ್ದು ಹಿಡಿತ್ತಿಲ್ಲೆ" ಅಂತ ಗೊಣಗುದು, ಕೊನೆಯ ವಾರ ಅಡಿಯ ದಪ್ಪ ಗಸಿ ಕುಡಿದು ಹೊಟ್ಟೆ ಕಟ್ಟಿತು ಅಂತ ಬಾಳೆಹಣ್ಣು ಹುಡುಕುದು, ಇದು ನಮ್ಮಲ್ಲಿ ಎಷ್ಟೋ ವರ್ಷದಿಂದ ನಡೀತಾ ಬಂದಿತ್ತು, ಯಾರಿಗೂ ಯಾಕೆ ಅಂತ ಗೊತ್ತಿರಲಿಲ್ಲ, ಕಂಪೆನಿಯವರು ಮೋಸ ಮಾಡ್ತಾರೆ ಅಂತಲೇ ಮಾವನ ತೀರ್ಮಾನ.

ಇನ್ನು ಮುಖ್ಯ ಕತೆಗೆ ಬರ್ತೇನೆ.

ಅತ್ತೆಗೆ ಥೈರಾಯ್ಡ್ ಕಡಿಮೆ ಇದೆ ಅಂತ ಗೊತ್ತಾಗಿ ಹತ್ತು ವರ್ಷದ ಮೇಲಾಯ್ತು. ಮಂಗಳೂರಿನ ಡಾಕ್ಟರು, ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, 50 ಮೈಕ್ರೋಗ್ರಾಂ ಗುಳಿಗೆ, ಟಿಎಸ್‌ಎಚ್ ಅಂದ್ರೆ ಥೈರಾಯ್ಡ್ ಕಡಿಮೆ ಆದಷ್ಟೂ ರಕ್ತದಲ್ಲಿ ಏರುವ ಲೆಕ್ಕ, ಅದು ಯಾವಾಗಲೂ ಮೂರರ ಆಸುಪಾಸು. 2020ರ ಮಾರ್ಚಿನಲ್ಲಿ ಕೊರೊನಾ ಬಂದು ತಲಪಾಡಿಯಲ್ಲಿ ಕೇರಳ ಕರ್ನಾಟಕದ ಗಡಿ ಮುಚ್ಚಿದ್ರಲ್ಲ, ಸಣ್ಣ ಒಳರಸ್ತೆಗಳಿಗೂ ಮಣ್ಣು ಹಾಕಿದ್ರು, ಆಂಬುಲೆನ್ಸು ಕೂಡ ದಾಟಲಿಕ್ಕಾಗದೆ ನಿಂತದ್ದು ನಮ್ಮ ಕಡೆಯವರು ಯಾರೂ ಮರೆಯುದಿಲ್ಲ. ಐವತ್ತು ಕಿಲೋಮೀಟರ್ ದೂರದ ಮಂಗಳೂರು ಒಮ್ಮೆಗೇ ಬೇರೆ ದೇಶ ಆಗಿ ಹೋಯ್ತು. ಆ ಟೈಮಲ್ಲಿ ಮನೆಯಲ್ಲೇ ಕೂತು ಹಲಸಿನ ಹಪ್ಪಳ, ಉಂಡ್ಲಕಾಳು ಅಂತ ಕರಿದದ್ದೇ ಕರಿದದ್ದು, ತಿಂದದ್ದೇ ತಿಂದದ್ದು, ಅತ್ತೆಗೆ ಎದೆ ಉರಿ ಶುರು ಆಯ್ತು, ಡಾಕ್ಟರ ಹತ್ರ ಹೋಗ್ಲಿಕ್ಕಿಲ್ಲ, ನಾನೇ ಪೇಟೆಯಿಂದ ಬಾಟ್ಲಿ ತಂದು ಕೊಟ್ಟೆ. ಗಡಿ ತೆರೆಯಿತು, ಕೊರೊನಾ ಹೋಯ್ತು, ಬಾಟ್ಲಿ ಮಾತ್ರ ಗೂಡಿನಲ್ಲಿ ಬೇರು ಬಿಟ್ಟಿತು.

ಆಮೇಲೆ ಟೆಸ್ಟ್ ಮಾಡಿಸಿದಾಗ ಟಿಎಸ್‌ಎಚ್ 7. ವಯಸ್ಸಾಯ್ತಲ್ಲ, ಸ್ವಲ್ಪ ಜಾಸ್ತಿ ಮಾಡುವಾ ಅಂತ ಡಾಕ್ಟರು 75 ಬರೆದ್ರು. ಮುಂದಿನ ಸಲ 9ರ ಮೇಲೆ. 100 ಆಯ್ತು. ಅತ್ತೆಗೆ ಸುಸ್ತು, ಕಾಲು ಊದುದು, ಮಧ್ಯಾಹ್ನ ಮಲಗಿದ್ರೆ ಏಳುವ ಮನಸ್ಸೇ ಇಲ್ಲ, ಕೂದಲು ಬಾಚಣಿಗೆ ತುಂಬ. ಗುಳಿಗೆ ಮರೀತೀರಾ ಅಂತ ಡಾಕ್ಟರು ಕೇಳಿದ್ದಕ್ಕೆ ಅತ್ತೆಗೆ ಸಿಟ್ಟು ಬಂದು ಬಿಟ್ಟಿತು, ಆರು ಗಂಟೆಗೆ ದೇವರಿಗೆ ಕೈಮುಗಿದು ಗುಳಿಗೆ ನುಂಗದ ದಿನ ಇಲ್ಲ ಅವರದ್ದು. ಬೇರೆ ಎಂತಾದರೂ ಮದ್ದು ತಗೊಳ್ತೀರಾ ಅಂತಲೂ ಕೇಳಿದ್ರು. ಇಲ್ಲ ಅಂದ್ರು ಅತ್ತೆ. ನಾನೂ ಪಕ್ಕದಲ್ಲೇ ಇದ್ದೆ, ನಾನೂ ಇಲ್ಲ ಅಂತಲೇ ತಲೆ ಅಲ್ಲಾಡಿಸಿದೆ. ಸುಳ್ಳು ಹೇಳಿದ್ದಲ್ಲ ನೋಡಿ, ಗೂಡಿನಲ್ಲಿದ್ದದ್ದು ಇಬ್ಬರ ತಲೆಗೂ ಬರಲಿಲ್ಲ ಅಷ್ಟೆ.

ಹಿಡಿದದ್ದು ಯಾರು ಅಂದ್ರೆ ಪೇಟೆಯ ಮೆಡಿಕಲ್‌ನಲ್ಲಿ ಹೊಸದಾಗಿ ಸೇರಿದ ಒಂದು ಹುಡುಗಿ. ಥೈರಾಯ್ಡ್ ಗುಳಿಗೆ ಯಾವಾಗಲೂ ಮಂಗಳೂರಿನಿಂದ ಮೂರು ತಿಂಗಳಿನದ್ದು ಒಟ್ಟಿಗೆ ಮಾವ ತರುದು, ಬಾಟ್ಲಿ ನಾನು ಶಾಲೆ ಬಿಟ್ಟು ಬರುವಾಗ ಇಲ್ಲಿಂದ ತರುದು, ಹಾಗಾಗಿ ಎರಡೂ ಒಂದೇ ಬಿಲ್ಲಿನಲ್ಲಿ ಬಂದದ್ದೇ ಇರಲಿಲ್ಲ. ಆ ಸಲ ಮಾವನಿಗೆ ಹೋಗ್ಲಿಕ್ಕಾಗದೆ ಎರಡನ್ನೂ ನಾನೇ ಕೇಳಿದೆ. ಹುಡುಗಿ ಗುಳಿಗೆ ಶೀಟು ಒಂದು ಕೈಯಲ್ಲಿ, ಬಾಟ್ಲಿ ಒಂದು ಕೈಯಲ್ಲಿ ಹಿಡ್ಕೊಂಡು "ಇದ್ ರಂಡುಂ ಒರಾಳ್ಕಾ ಟೀಚರೇ?" ಅಂತ ಕೇಳಿತು. ಎರಡೂ ಒಬ್ಬರಿಗೇ ಅಂದೆ. ಎಷ್ಟು ಗಂಟೆಗೆ ಅಂತ ಕೇಳಿತು. ನಾನು ಹೇಳಿದೆ, ಆರು ಗಂಟೆಗೆ ಗುಳಿಗೆ, ಗುಳಿಗೆ ನುಂಗಿದ ಕೂಡ್ಲೆ ಎರಡು ಚಮಚ ಇದು, ಯಾಕಂದ್ರೆ ಆಮೇಲೆ ಖಾಲಿ ಹೊಟ್ಟೆಗೆ ಕಾಪಿ ಕುಡಿಯುದಲ್ಲ, ಉರಿ ಆಗಬಾರದು ಅಂತ ಮುಂಚೆಯೇ. ಹುಡುಗಿ ಬಿಲ್ಲು ಹೊಡೆಯುದು ನಿಲ್ಲಿಸಿ ನನ್ನ ಮುಖ ನೋಡಿತು.

ವಿಷಯ ಇಷ್ಟೇ. ಬಾಟ್ಲಿಯಲ್ಲಿರುವ ಅಲ್ಯುಮಿನಿಯಂ, ಮೆಗ್ನೀಸಿಯಂ ಥೈರಾಯ್ಡ್ ಗುಳಿಗೆಯ ಲೆವೊಥೈರಾಕ್ಸಿನ್ನನ್ನು ಹೊಟ್ಟೆಯಲ್ಲೇ ಹಿಡಿದು ಕೂರಿಸ್ತವೆ, ಅದು ರಕ್ತಕ್ಕೆ ಹೋಗಲಿಕ್ಕೆ ಬಿಡುದಿಲ್ಲ. ಎರಡರ ಮಧ್ಯೆ ನಾಲ್ಕು ಗಂಟೆ ಅಂತರ ಇರಬೇಕು. ಕ್ಯಾಲ್ಸಿಯಂ ಗುಳಿಗೆ, ರಕ್ತ ಹೆಚ್ಚಾಗಲಿಕ್ಕೆ ಕೊಡುವ ಕಬ್ಬಿಣದ ಗುಳಿಗೆ, ಅವಕ್ಕೂ ಇದೇ ಲೆಕ್ಕ. ಕಾಪಿ ಕೂಡ ಗುಳಿಗೆಯನ್ನು ಪೂರ್ತಿ ಹೀರಿಕೊಳ್ಳಲಿಕ್ಕೆ ಬಿಡುದಿಲ್ಲ, ಹಾಗಾಗಿ ಗುಳಿಗೆಗೆ ಬರೀ ನೀರು, ಆಮೇಲೆ ಅರ್ಧದಿಂದ ಒಂದು ಗಂಟೆ ಎಂತದ್ದೂ ಬೇಡ. ಅಂದ್ರೆ ಅತ್ತೆ ದಿನಾ ಬೆಳಿಗ್ಗೆ ಆರಕ್ಕೆ ಮದ್ದು ನುಂಗಿ, ಆರೂ ಐದಕ್ಕೆ ಅದನ್ನು ಕಟ್ಟಿಹಾಕುವ ಪಾಯಸ ಕುಡಿದು, ಆರೂಕಾಲಿಗೆ ಕಾಪಿ ಹೊಯ್ದು, 50 ಸಾಲದು ಅಂತ 75, 75 ಸಾಲದು ಅಂತ 100 ಮಾಡಿಸಿಕೊಂಡು ಕೂತಿದ್ರು. ನಾನು ವಿಜ್ಞಾನದ ಟೀಚರ್ ಅಂತ ಬೇರೆ.

ಮರುದಿನವೇ ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. ಅವರು ಒಂದು ನಿಮಿಷ ಸುಮ್ಮನಿದ್ದು, ಬಾಟ್ಲಿ ಹತ್ತೂವರೆಗೆ ಮುಂಚೆ ಮುಟ್ಟಬೇಡಿ, ಗುಳಿಗೆ ಈಗ ಇದ್ದಷ್ಟೇ ಇರಲಿ, ಎಂಟು ವಾರ ಬಿಟ್ಟು ಟೆಸ್ಟ್ ಮಾಡಿ ಅಂದ್ರು. ಎಂಟು ವಾರದ ಮೇಲೆ ನೋಡಿದ್ರೆ ಟಿಎಸ್‌ಎಚ್ 0.3! ಈಗ ಗುಳಿಗೆ ಪೂರ್ತಿ ಒಳಗೆ ಹೋಗ್ಲಿಕ್ಕೆ ಶುರು ಆಗಿ 100 ಅತಿ ಆಗಿ ಹೋಗಿತ್ತು, ಅತ್ತೆಗೆ ಎದೆ ಡವಡವ ಅಂತಿದ್ದದ್ದೂ ಅದಕ್ಕೇ. ಪುನಃ 75ಕ್ಕೆ ಇಳಿಸಿದ್ರು.

ಇದರಿಂದ ಹುಳ ತಲೆಗೆ ಹೊಕ್ಕು ಮನೆಯಲ್ಲಿ ಎಲ್ಲರ ಮೇಲೂ ಕಣ್ಣಿಡಲಿಕ್ಕೆ ಶುರು ಮಾಡಿದೆ. ಮಳೆಗಾಲದಲ್ಲಿ ನಮ್ಮಲ್ಲಿ ಇಲಿಜ್ವರದ ಹೆದರಿಕೆ ಇರ್ತದಲ್ಲ, ತೋಟದಲ್ಲಿ, ಗದ್ದೆಯಲ್ಲಿ ಕೆಸರಿನಲ್ಲಿ ಕೆಲಸ ಮಾಡುವವರಿಗೆ ಆಶಾ ಕಾರ್ಯಕರ್ತೆಯರು ಡಾಕ್ಸಿಸೈಕ್ಲಿನ್ ಕೊಡ್ತಾರೆ, ವಾರಕ್ಕೊಮ್ಮೆ 200 ಮಿಲಿಗ್ರಾಂ, ಕೇರಳ ಆರೋಗ್ಯ ಇಲಾಖೆಯ ಒಳ್ಳೆ ಕೆಲಸಗಳಲ್ಲಿ ಇದೊಂದು ಅಂತ ನನ್ನ ಲೆಕ್ಕ. ನಮ್ಮ ತೋಟಕ್ಕೆ ಬರುವ ಅಣ್ಣ ಒಬ್ಬರು ರಾತ್ರಿ ಎರಡು ಗುಳಿಗೆ ಬಾಯಿಗೆ ಹಾಕಿ, ಒಂದು ಗುಟುಕು ನೀರಿನಲ್ಲಿ ನುಂಗಿ, ಅಲ್ಲೇ ಚಾಪೆಗೆ ಒರಗಿದ್ದಾರೆ. ಮರುದಿನ ಬೆಳಿಗ್ಗೆ ಬಂದು "ಅಕ್ಕೆ, ತಿಗಲೆ ಪೊತ್ತುಂಡು" ಅಂತ ಎದೆ ಹಿಡ್ಕೊಂಡು ಕೂತ್ರು. ಮುಂಚಿನ ನಾನಾದ್ರೆ ಕೂಡ್ಲೆ ಗೂಡಿನಿಂದ ಬಾಟ್ಲಿ ತೆಗೆದು ಕೊಡ್ತಿದ್ದೆ, ನಿಜ ಹೇಳಬೇಕಾದ್ರೆ ಹಿಂದಿನ ವರ್ಷ ಕೊಟ್ಟೂ ಇದ್ದೇನೆ. ಆದ್ರೆ ಆ ಗುಳಿಗೆ ಸರಿಯಾಗಿ ಕೆಳಗೆ ಇಳಿಯದೆ ಅನ್ನನಾಳದಲ್ಲೇ ಅಂಟಿಕೊಂಡ್ರೆ ಅದೇ ಅಲ್ಲಿ ಸುಟ್ಟು ಹುಣ್ಣು ಮಾಡ್ತದೆ, ಇದು ಆಸಿಡಿನ ಉರಿಯೇ ಅಲ್ಲ. ತುಂಬ ನೀರು ಕುಡಿದು ನುಂಗಬೇಕು, ನುಂಗಿ ಅರ್ಧ ಗಂಟೆಯಾದ್ರೂ ಕೂತೋ ನಿಂತೋ ಇರಬೇಕು, ಮಲಗಲಿಕ್ಕಿಲ್ಲ. ಇನ್ನು ಬಾಟ್ಲಿಯನ್ನು ಗುಳಿಗೆಯ ಜತೆಜತೆಗೇ ಕುಡಿದ್ರೆ ಅದೇ ಅಲ್ಯುಮಿನಿಯಂ ಮೆಗ್ನೀಸಿಯಂ ಈ ಗುಳಿಗೆಯನ್ನೂ ಕಟ್ಟಿ ಹಾಕ್ತದೆ, ಇಲಿಜ್ವರಕ್ಕೆ ಕೊಟ್ಟದ್ದು ಹೊಳೆಗೆ ಹಾಕಿದ ಹುಳಿ. ಎರಡು ಮೂರು ಗಂಟೆ ಅಂತರ ಬೇಕೇ ಬೇಕು. ಸಿಪ್ರೊಫ್ಲಾಕ್ಸಾಸಿನ್ ಅಂತ ಹೊಟ್ಟೆ ಕೆಟ್ಟಾಗ ಕೊಡ್ತಾರಲ್ಲ, ಅದನ್ನೂ ಹಾಗೇ ಕಟ್ಟಿ ಹಾಕ್ತದೆ, ಅದನ್ನು ಬಾಟ್ಲಿಗೆ ಎರಡು ಗಂಟೆ ಮುಂಚೆ ಇಲ್ಲಾ ಬಾಟ್ಲಿ ಕುಡಿದು ಆರು ಗಂಟೆ ಆದ ಮೇಲೆ ನುಂಗಬೇಕು. ಈಗ ಅಣ್ಣ ಹಗಲಲ್ಲೇ ಬೆಳಿಗ್ಗೆ ತಿಂಡಿ ಆದ ಮೇಲೆ, ನಮ್ಮ ಬಾವಿಕಟ್ಟೆಯಲ್ಲಿ ಕೂತು ಒಂದು ಚೊಂಬು ನೀರು ಮುಗಿಸಿ ನುಂಗ್ತಾರೆ, ನಾನು ಅಲ್ಲೇ ನಿಂತು ನೋಡ್ತೇನೆ, ಶಾಲೆಯಲ್ಲಿ ಹುಳದ ಗುಳಿಗೆ ಕೊಡುವಾಗ ನಿಂತ ಹಾಗೆ.

ಮಾವನದ್ದು ಬೇರೆಯೇ ಕತೆ. ಅವರಿಗೆ ಬಾಟ್ಲಿ ಆಗುದಿಲ್ಲ, ಅಂಟಂಟು ಅಂತೆ. ಅವರಿಗೆ ಬೇಕಾದದ್ದು ಬುಸ್ಸ್ ಅನ್ನುವಂಥದ್ದು, ಈನೋ ಇದ್ರೆ ಈನೋ, ಇಲ್ಲದಿದ್ರೆ ಅಡುಗೆ ಸೋಡಾಕ್ಕೆ ಲಿಂಬೆ ಹಿಂಡಿ ಲೋಟ ತುಂಬಿ ಉಕ್ಕುವಾಗಲೇ ಕುಡಿದು, ಚಾವಡಿಯಿಂದ ಅಂಗಳಕ್ಕೆ ಕೇಳುವ ಹಾಗೆ ಒಂದು ತೇಗು ತೇಗಿದ್ರೆ ಆಯ್ತು, ಮದುವೆಯ ಊಟ ಜೀರ್ಣ. ಸೋಡಾದ ಕೆಲಸ ಬೇಗ ಆಗುದು ಹೌದು, ಅದು ಆಸಿಡಿನ ಒಟ್ಟಿಗೆ ಸೇರಿ ಕಾರ್ಬನ್ ಡಯಾಕ್ಸೈಡ್ ಬರ್ತದೆ, ತೇಗು ಅದೇ, ಒಳಗಿದ್ದ ಗ್ಯಾಸು ಹೊರಗೆ ಬಂದದ್ದಲ್ಲ, ಈಗ ತಾನೇ ಮಾಡಿದ್ದು! ಆದ್ರೆ ಒಂದು ಗ್ರಾಂ ಸೋಡಾದಲ್ಲಿ ಸುಮಾರು 270 ಮಿಲಿಗ್ರಾಂ ಸೋಡಿಯಂ ಉಂಟು, ಒಂದು ಟೀ ಚಮಚ ಅಂದ್ರೆ 1.2 ಗ್ರಾಮಿನ ಮೇಲೆ. ದಿನಕ್ಕೆ ಎಲ್ಲ ಸೇರಿ ಸೋಡಿಯಂ 2 ಗ್ರಾಮಿನೊಳಗೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದೆ. ಬಿಪಿ ಅಂತ ಅತ್ತೆ ಅವರ ಸಾರಿಗೆ ಉಪ್ಪು ಕಡಿಮೆ ಹಾಕುದು, ಹಪ್ಪಳ ಒಂದೇ ಕೊಡುದು, ಇವರು ಹಿಂದಿನಿಂದ ಲೋಟದಲ್ಲಿ ಅದನ್ನೆಲ್ಲ ಪುನಃ ಒಳಗೆ ಸೇರಿಸುದು. ಡಾಕ್ಟರಿಗೆ ಇದನ್ನೂ ಯಾರೂ ಹೇಳಿರಲಿಲ್ಲ, ಸೋಡಾ ಮದ್ದಾ?

ಬಾಟ್ಲಿ ಕೆಟ್ಟದ್ದು ಅಂತ ನಾನು ಹೇಳ್ತಾ ಇಲ್ಲ, ದಯವಿಟ್ಟು ಹಾಗೆ ತಿಳ್ಕೊಳ್ಳಬೇಡಿ, ಅಪರೂಪಕ್ಕೆ ಬರುವ ಉರಿಗೆ ಅದು ಬೇಗ ಆರಾಮ ಕೊಡ್ತದೆ. ಜಗಿಯುವ ಗುಳಿಗೆಗಿಂತ ದ್ರವ ಬೇಗ ಹಿಡಿಯುದು ಯಾಕಂದ್ರೆ ಪುಡಿ ಮೊದಲೇ ಸಣ್ಣ ಆಗಿರ್ತದೆ, ಗುಳಿಗೆಯನ್ನು ನಾವು ಜಗಿದು ಪುಡಿ ಮಾಡಬೇಕು, ನಮ್ಮ ಮಾವ ಹಲ್ಲಿಲ್ಲದೆ ಅದನ್ನು ಇಡಿಯಾಗಿ ನುಂಗ್ತಿದ್ರು. ಆದ್ರೆ ಹೊತ್ತು ನೋಡಬೇಕು. ಖಾಲಿ ಹೊಟ್ಟೆಗೆ ಕುಡಿದ್ರೆ ಅರ್ಧ ಗಂಟೆ, ಹೆಚ್ಚೆಂದ್ರೆ ಒಂದು ಗಂಟೆಯೊಳಗೆ ಮದ್ದು ಹೊಟ್ಟೆಯಿಂದ ಕೆಳಗೆ ಹೋಗಿಯಾಗ್ತದೆ. ಊಟ ಆಗಿ ಒಂದು ಗಂಟೆ ಬಿಟ್ಟು ಕುಡಿದ್ರೆ ಅನ್ನದ ಒಟ್ಟಿಗೆ ಹೊಟ್ಟೆಯಲ್ಲೇ ನಿಂತು ಮೂರು ಗಂಟೆವರೆಗೂ ಕೆಲಸ ಮಾಡ್ತದೆ. ಅದೇ ಬಾಟ್ಲಿ, ಅದೇ ಎರಡು ಚಮಚ. ಅತ್ತೆಯ ಬೆಳಿಗ್ಗಿನ ಡೋಸು ಥೈರಾಯ್ಡಿಗೆ ಅಡ್ಡಿ ಮಾಡಿದ್ದು ಮಾತ್ರ ಅಲ್ಲ, ಉರಿಗೂ ದೊಡ್ಡ ಉಪಕಾರ ಮಾಡಿರಲಿಲ್ಲ ಅಂತ ಆಯ್ತು.

ಬೇರೆ ಬೇರೆ ಬಾಟ್ಲಿಗೆ ಬೇರೆ ಬೇರೆ ಗುಣ ಅಂತಲೂ ಆ ಹುಡುಗಿಯಿಂದಲೇ ಕಲಿತದ್ದು. ಮ್ಯೂಕೇನ್‌ನಲ್ಲಿ ಆಕ್ಸೆಟಕೇನ್ ಅಂತ ಮರಗಟ್ಟಿಸುವ ಮದ್ದು ಸೇರಿದೆ, ನಾಲಿಗೆ ಜುಂ ಅನ್ನುದು ಅದಕ್ಕೇ. ಗ್ಯಾವಿಸ್ಕಾನ್‌ನಲ್ಲಿ ಸಮುದ್ರದ ಕಂದು ಪಾಚಿಯಿಂದ ತೆಗೆದ ಆಲ್ಜಿನೇಟ್ ಉಂಟು, ಅದು ಹೊಟ್ಟೆಯಲ್ಲಿದ್ದದ್ದರ ಮೇಲೆ ಕೆನೆಯ ಹಾಗೆ ತೇಲಿ ಆಸಿಡ್ ಮೇಲೆ ಬಾರದ ಹಾಗೆ ಮುಚ್ಚಳ ಹಾಕ್ತದೆ, ನಮ್ಮನೆಯವರ ಆಟದ ರಾತ್ರಿಗಳಿಗೆ ಇದು ಹೆಚ್ಚು ಹೊಂದುದು ಅಂತ ಕಾಣ್ತದೆ. ಪ್ಯಾನ್ ಗುಳಿಗೆ ಅಂತ ಎಲ್ಲರ ಕಿಸೆಯಲ್ಲೂ ಇರ್ತದಲ್ಲ ಪ್ಯಾಂಟೊಪ್ರಜೋಲ್, ಅದರ ಶೀಟಿಗೆ ಕೆಂಪು ಗೆರೆ ಉಂಟು, ಅಂದ್ರೆ ಡಾಕ್ಟರ ಚೀಟಿ ಬೇಕಾದದ್ದು, ಅದು ಆಸಿಡ್ ತಯಾರಾಗುವ ಪಂಪನ್ನೇ ನಿಲ್ಲಿಸುದು, ತಿಂಡಿಗೆ ಅರ್ಧ ಗಂಟೆ ಮುಂಚೆ ತಗೊಳ್ಳುದು. ಉರಿ ಹತ್ತಿದ ಮೇಲೆ ಅದನ್ನು ನುಂಗಿ ಐದು ನಿಮಿಷಕ್ಕೆ ಕಡಿಮೆ ಆಗಲಿಲ್ಲ ಅಂತ ಇನ್ನೊಂದು ನುಂಗುವವರನ್ನು ನಾನು ನೋಡಿದ್ದೇನೆ. ಬಣ್ಣ ವಾಸನೆಯ ಮೇಲೂ ಒಂದು ಕಣ್ಣಿರಲಿ, 2023ರಲ್ಲಿ ಹೆಸರುವಾಸಿ ಆಂಟಾಸಿಡ್ ಜೆಲ್ ಒಂದನ್ನು ಕಂಪೆನಿಯೇ ವಾಪಸ್ ತರಿಸಿಕೊಂಡದ್ದು, ಗುಲಾಬಿ ಬಣ್ಣ, ಸಿಹಿ ರುಚಿ ಇರಬೇಕಾದ ಬಾಟ್ಲಿ ಬಿಳಿಯಾಗಿ, ಕಹಿಯಾಗಿ, ಘಾಟು ವಾಸನೆ ಬರ್ತದೆ ಅಂತ ಯಾರೋ ಒಬ್ಬರು ಗಮನಿಸಿ ದೂರು ಕೊಟ್ಟ ಮೇಲೆ. ಅತ್ತೆ ಆಗಿದ್ರೆ ಕಹಿ ಬಂತಲ್ಲ, ಈಗ ಮದ್ದಾಯ್ತು ಅಂತಿದ್ರೋ ಏನೋ.

ನಮ್ಮನೆಯವರಿಗೆ ಬಾಟ್ಲಿಗಿಂತ ಹೆಚ್ಚು ಉಪಕಾರ ಆದದ್ದು ಮುರಕಲ್ಲಿನಿಂದ. ತಲೆಯ ಕಡೆ ಮಂಚ ಆರೆಂಟು ಇಂಚು ಎತ್ತರ ಇದ್ರೆ ಆಸಿಡ್ ಮೇಲೆ ಹತ್ತುದು ಕಡಿಮೆ ಅಂತ ಓದಿ, ಆಲೆಕೊಟ್ಟಿಗೆಯ ಗೋಡೆಗೆ ತಂದು ಉಳಿದ ಮುರಕಲ್ಲನ್ನು ಕೆತ್ತಿಸಿ ತಲೆಯ ಬದಿಯ ಎರಡು ಕಾಲಿಗೆ ಕೊಟ್ಟೆವು. ದಿಂಬು ಎರಡು ಇಟ್ರೆ ಸಾಲದು, ಕುತ್ತಿಗೆ ಮಾತ್ರ ಬಗ್ಗಿ ಹೊಟ್ಟೆ ಮಡಚಿ ಇನ್ನೂ ಜಾಸ್ತಿ ಆಗ್ತದೆ. ಮೊದಲ ಎರಡು ರಾತ್ರಿ ಇಬ್ಬರೂ ಜಾರಿ ಜಾರಿ ಕಾಲಬುಡಕ್ಕೆ ಬಂದು ಮುಟ್ಟಿದ್ದೇವೆ, ಈಗ ಅಭ್ಯಾಸ ಆಯ್ತು. ಎಡ ಮಗ್ಗುಲಿಗೆ ಮಲಗಿದ್ರೂ ಉರಿ ಕಡಿಮೆ, ಹೊಟ್ಟೆಯ ಆಕಾರ ಹಾಗೆ.

ಒಂದು ಹೆದರಿಕೆಯ ವಿಷಯ ಹೇಳಲೇಬೇಕು. ಸಂಬಂಧದಲ್ಲಿ ನಮಗೆ ದೊಡ್ಡಪ್ಪ ಆಗಬೇಕಾದವರೊಬ್ಬರು ಒಂದು ಸಂಜೆ ಎದೆ ಹಿಡಿದು ಕೂತು ಗ್ಯಾಸು ಗ್ಯಾಸು ಅಂತ ಗಂಟೆಯಲ್ಲಿ ಮೂರು ಸಲ ಬಾಟ್ಲಿ ಕುಡಿದಿದ್ದಾರೆ, ಮೈ ಬೆವರು, ಎಡಗೈ ಸೆಳೆತ, ಆದ್ರೂ ಗ್ಯಾಸು. ಸೊಸೆ ಹಠ ಮಾಡಿ ಕಾರು ಹತ್ತಿಸಿ ಮಂಗಳೂರಿಗೆ ಮುಟ್ಟಿಸಿದ್ದರಿಂದ ಉಳಿದ್ರು, ಅದು ಹೃದಯದ್ದೇ. ಎದೆ ಬಿಗಿದು ಬೆವರುದು, ನೋವು ಕೈಗೋ ದವಡೆಗೋ ಹರಿಯುದು, ಏದುಸಿರು ಇದ್ರೆ ಬಾಟ್ಲಿ ಮುಚ್ಚಳ ತೆಗೀಲಿಕ್ಕೂ ಟೈಮ್ ಹಾಳು ಮಾಡ್ಲಿಕ್ಕಿಲ್ಲ. ನುಂಗುವಾಗ ಸಿಕ್ಕಿಕೊಳ್ಳುದು, ಕಪ್ಪು ಮಲ, ರಕ್ತ ವಾಂತಿ, ಕಾರಣ ಇಲ್ಲದೆ ತೂಕ ಇಳಿಯುದು, ಎರಡು ವಾರ ದಿನಾ ಬಾಟ್ಲಿ ಬೇಕಾಗುದು, ಇದ್ಯಾವುದೂ ಗೂಡಿನಲ್ಲಿ ಪರಿಹಾರ ಆಗುವಂಥದ್ದಲ್ಲ. ಕಿಡ್ನಿ ತೊಂದರೆ ಇದ್ದವರಿಗೆ ಅಲ್ಯುಮಿನಿಯಂ, ಮೆಗ್ನೀಸಿಯಂ ಹೊರಗೆ ಹೋಗದೆ ಮೈಯಲ್ಲೇ ಉಳೀತದೆ, ಅವರು ಕೇಳದೆ ಮುಟ್ಟಲೇಬಾರದು. ಹೊಟ್ಟೆ ಹುಣ್ಣು ಮೆಣಸಿನಿಂದ ಆಗುದು ಅಂತ ನಮ್ಮಲ್ಲಿ ಎಲ್ಲರೂ ಹೇಳುದು, ಹೆಚ್ಚಿನದ್ದು ಹೆಲಿಕೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾದಿಂದ, ಇಲ್ಲಾ ನೋವಿನ ಗುಳಿಗೆಯಿಂದ. ಅದನ್ನು ತೋರಿಸಲಿಕ್ಕೆ ಬ್ಯಾರಿ ಮಾರ್ಷಲ್ ಅಂತ ಆಸ್ಟ್ರೇಲಿಯಾದ ಡಾಕ್ಟರು 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾನೇ ಕುಡಿದಿದ್ರು, 2005ರಲ್ಲಿ ರಾಬಿನ್ ವಾರೆನ್ ಜತೆ ನೊಬೆಲ್ ಬಂತು. ಒಂಬತ್ತನೇ ಕ್ಲಾಸಿನಲ್ಲಿ ಈ ಕತೆ ಹೇಳಿದ್ರೆ ಮಕ್ಕಳು ಛೀ ಅಂತಾರೆ, ಆದ್ರೆ ಮರೆಯುದಿಲ್ಲ.

ಮೊನ್ನೆಯ ರಿಪೋರ್ಟಿನಲ್ಲಿ ಅತ್ತೆಯ ಟಿಎಸ್‌ಎಚ್ 2.6. ಬಾಟ್ಲಿಗೆ ನಾನು ಕನ್ನಡದಲ್ಲಿ ಒಂದು ಚೀಟಿ ಬರೆದು ಟೇಪು ಹಾಕಿ ಅಂಟಿಸಿದ್ದೇನೆ: ಅಲುಗಾಡಿಸಿ, ಎರಡು ಸಣ್ಣ ಚಮಚ, ಊಟ ಆಗಿ ಒಂದು ಗಂಟೆ ಮೇಲೆ, ಬೆಳಿಗ್ಗೆ ಹತ್ತೂವರೆಗೆ ಮುಂಚೆ ಇಲ್ಲ. ಎರಡು ದಿನ ಬಿಟ್ಟು ನೋಡುವಾಗ ಅದರ ಕೆಳಗೆ ಅತ್ತೆಯ ದುಂಡು ಅಕ್ಷರದಲ್ಲಿ ಪೆನ್ಸಿಲಿನಲ್ಲಿ ಇನ್ನೊಂದು ಸಾಲು, "ಕಾಪಿ ಏಳು ಗಂಟೆಗೆ", ಅದಕ್ಕೆ ಎರಡು ಅಡಿಗೆರೆ ಬೇರೆ, ಸಿಟ್ಟಿನದ್ದು. ಬಾಟ್ಲಿ ಈಗ ಗೂಡು ಬಿಟ್ಟು ಚಾವಡಿಯ ಬಿಸ್ಕೆಟಿನ ಟಿನ್ನಿಗೆ ಹೋಗಿದೆ. ಆದ್ರೆ ಟಿನ್ನು ಗಿಡ್ಡ, ಬಾಟ್ಲಿ ಉದ್ದ, ಮುಚ್ಚಳ ಸರಿಯಾಗಿ ಕೂರುದಿಲ್ಲ, ಒಂದು ಬದಿ ಎದ್ದೇ ಇರ್ತದೆ. ಅತ್ತೆ ಅದರ ಮೇಲೆ ಪಂಚಾಂಗ ಹೇರಿ ಇಟ್ಟಿದ್ದಾರೆ.